ಬೇರೆಯವರ ಮೇಪಲ್ ರಸ ಕುದಿಸಿಕೊಡುವಾಗ ಪಾಲು ಹಂಚುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಅಮೆರಿಕದ ವರ್ಮಾಂಟ್, ಕೆನಡಾದ ಒಂಟಾರಿಯೊ, ಕ್ವಿಬೆಕ್ ಕಡೆ ಫೆಬ್ರವರಿ ಕೊನೆಗೆ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ನಾಲ್ಕೈದು ಡಿಗ್ರಿ ಬೆಚ್ಚಗಿನ ಬಿಸಿಲು ಶುರುವಾಯಿತೆಂದರೆ ಶುಗರ್ ಮೇಪಲ್ ಮರಗಳಲ್ಲಿ ರಸ ಇಳಿಯುತ್ತದೆ. ಹಿತ್ತಿಲಲ್ಲಿ ನಾಲ್ಕು ಮರ ಇರುವವರು ಯಾರಾದರೂ ಕೊಳವೆ ಹೊಡೆದು ಬಕೆಟ್ ತೂಗುಹಾಕಬಹುದು. ಆದರೆ ಕುದಿಸಲು ಬೇಕಾದ ಅಗಲದ ಬಾಣಲೆ, ಒಲೆ, ಒಣಗಿದ ಸೌದೆ, ನಡುರಾತ್ರಿಯವರೆಗೆ ಒಲೆಯ ಮುಂದೆ ಕೂರುವ ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ. ಹಾಗಾಗಿ ಅಕ್ಕಪಕ್ಕದವರು ತಮ್ಮ ರಸವನ್ನು ಯಾರಾದರೊಬ್ಬರ ಶುಗರ್‌ಹೌಸ್‌ಗೆ (ರಸ ಕುದಿಸುವ ಮನೆಗೆ) ತಂದು ಸುರಿಯುತ್ತಾರೆ, ರಸ ಬತ್ತಿ ಬರುವ ದಪ್ಪ ಸಿಹಿ ಸಿರಪ್ಪಿನಲ್ಲಿ ಪಾಲು ಪಡೆಯುತ್ತಾರೆ.

ಮಲೆನಾಡಿನ ಆಲೆಮನೆ ಕಂಡವರಿಗೆ ಈ ಏರ್ಪಾಡು ಹೊಸದಲ್ಲ: ಕೊಪ್ಪರಿಗೆ ಒಬ್ಬರದು, ಕಬ್ಬು ಹಲವರದು. ಆದರೆ ಲೆಕ್ಕದಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಕಬ್ಬಿನ ಹಾಲಿನಲ್ಲಿ ನೂರಕ್ಕೆ ಹದಿನೈದು ಇಪ್ಪತ್ತು ಪಾಲು ಸಿಹಿ ಇರುತ್ತದೆ. ಒಬ್ಬರ ಕಬ್ಬಿಗೂ ಇನ್ನೊಬ್ಬರ ಕಬ್ಬಿಗೂ ಅಂತರ ಅಷ್ಟಾಗಿ ಕಾಡುವುದಿಲ್ಲ. ಮೇಪಲ್ ರಸದಲ್ಲಿ ಸಿಹಿ ಸುಮಾರು ಎರಡು ಪಾಲು ಮಾತ್ರ, ಉಳಿದದ್ದೆಲ್ಲ ನೀರು. ಒಬ್ಬರ ಮರ ಒಂದೂವರೆ ಕೊಡುತ್ತದೆ, ಇನ್ನೊಬ್ಬರದು ಎರಡೂವರೆ. ಇಬ್ಬರೂ ಒಂದೇ ಅಳತೆಯ ಡ್ರಮ್ ತಂದಿರುತ್ತಾರೆ, ಕಣ್ಣಿಗೆ ಎರಡೂ ಒಂದೇ ತಿಳಿನೀರು. ಡ್ರಮ್ ಎಣಿಸಿ ಹಂಚಿದರೆ ಒಳ್ಳೆಯ ಮರದವರಿಗೆ ಪ್ರತಿ ವರ್ಷ ಅನ್ಯಾಯವಾಗುತ್ತದೆ, ಯಾರಿಗೂ ಅದು ಗೊತ್ತೂ ಆಗುವುದಿಲ್ಲ. ರಸ ತಂದವರ ನಡುವಿನ ಪಾಲನ್ನು ಸಕ್ಕರೆಯ ಮೇಲೆ ಹಾಕಬೇಕು, ಕುದಿಸಿದವರ ಕೂಲಿಯನ್ನು ಅವರು ಹಾರಿಸಿದ ನೀರಿನ ಮೇಲೆ ಹಾಕಬೇಕು. ಈ ಎರಡನ್ನು ಬೆರೆಸದೆ ಲೆಕ್ಕ ಇಡುವುದು ಹೇಗೆ ಎಂಬುದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಕೊಳವೆ ಹೊಡೆಯುವ ಮೊದಲು ಮಾತಾಡಿ

ಮಾತುಕತೆಗೆ ಸರಿಯಾದ ಕಾಲ ಜನವರಿ. ರಸ ಇಳಿಯಲು ಶುರುವಾದ ಮೇಲೆ ಯಾರಿಗೂ ಕೂತು ಮಾತಾಡುವ ಸಮಯ ಸಿಗುವುದಿಲ್ಲ. ಡ್ರಮ್ ಬಾಗಿಲಿಗೆ ಬಂದು ನಿಂತಾಗ ಸಂಕೋಚಕ್ಕೆ ಬಿದ್ದು ಹೂಂ ಎನ್ನುತ್ತೀರಿ. ಯಾರು ಎಷ್ಟು ಕೊಳವೆ ಹೊಡೆಯುತ್ತಾರೆ, ರಸವನ್ನು ಯಾವ ಪಾತ್ರೆಯಲ್ಲಿ ಎಷ್ಟು ದಿನಕ್ಕೊಮ್ಮೆ ತರುತ್ತಾರೆ, ಸೌದೆ ಯಾರದು, ಬಾಟಲಿ ಯಾರದು, ಕೂಲಿ ಎಷ್ಟು, ಬಾಣಲೆ ಸೀದರೆ ನಷ್ಟ ಯಾರಿಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಒಂದೊಂದು ಪ್ರತಿ ಕೊಡಿ. ನೆಂಟರಾದರೂ ಸರಿ, ಗೆಳೆಯರಾದರೂ ಸರಿ, ಬರೆಯಿರಿ.

ನಿಮ್ಮ ಒಲೆಯ ಶಕ್ತಿಯನ್ನು ಮೊದಲು ನೀವೇ ತಿಳಿದುಕೊಂಡಿರಬೇಕು. ಗಂಟೆಗೆ 75 ಲೀಟರ್ ನೀರು ಹಾರಿಸುವ ಒಲೆಯ ಮೇಲೆ 1200 ಲೀಟರ್ ರಸ ಇಳಿಸಲು ಹದಿನಾರು ಗಂಟೆ ಹತ್ತಿರ ಬೇಕು. ಬಕೆಟ್ ಕಟ್ಟಿದ ಒಂದು ಕೊಳವೆ ಇಡೀ ಋತುವಿನಲ್ಲಿ ಸುಮಾರು 40 ಲೀಟರ್ ರಸ ಕೊಡುತ್ತದೆ ಎಂದು ಹಿಡಿದು ಲೆಕ್ಕ ಹಾಕಿ. ಆದರೆ ಅದು ಸಮವಾಗಿ ಬರುವುದಿಲ್ಲ. ವಾರಗಟ್ಟಲೆ ತೊಟ್ಟಿಕ್ಕಿ, ಒಂದು ಎರಡು ದಿನ ಎಲ್ಲರ ಬಕೆಟ್ಟೂ ಒಟ್ಟಿಗೆ ತುಂಬುತ್ತದೆ. ಆ ದಿನಗಳಲ್ಲಿ ನಿಮ್ಮ ಕೈಲಾಗುವಷ್ಟನ್ನೇ ಒಪ್ಪಿಕೊಳ್ಳಿ.

ಹಂತ 2: ಯಾವ ರಸ ಒಳಗೆ, ಯಾವುದು ಹೊರಗೆ

ಇಲ್ಲಿ ದಾಕ್ಷಿಣ್ಯ ಬೇಡ. ಎಲ್ಲರ ರಸವೂ ಒಂದೇ ಬಾಣಲೆಗೆ ಬೀಳುವುದರಿಂದ ಒಬ್ಬರ ಹುಳಿ ರಸ ಎಲ್ಲರ ಸಿರಪ್ಪನ್ನೂ ಕೆಡಿಸುತ್ತದೆ. ರಸ ಹಾಲಿನ ಹಾಗೆ ಕೆಡುವ ವಸ್ತು. ಮೂರು ನಾಲ್ಕು ಡಿಗ್ರಿಗಿಂತ ತಣ್ಣಗೆ, ನೆರಳಿನಲ್ಲಿ, ಹಿಮದ ರಾಶಿಯ ನಡುವೆ ಇಟ್ಟು, ಒಂದೆರಡು ದಿನದೊಳಗೆ ತರಬೇಕೆಂದು ಹೇಳಿ. ಒಳ್ಳೆಯ ರಸ ನೀರಿನಂತೆ ತಿಳಿಯಾಗಿರುತ್ತದೆ. ಕದಡಿದ್ದರೆ, ಹಳದಿ ತಿರುಗಿದ್ದರೆ, ಲೋಳೆ ಎದ್ದಿದ್ದರೆ, ಮೂಗಿಗೆ ಹುಳಿ ಬಡಿದರೆ ವಾಪಸು ಕಳಿಸಿ. ಋತುವಿನ ಕೊನೆಗೆ ಮೊಗ್ಗು ಉಬ್ಬಿದ ಮರದ ರಸ ನೋಡಲು ಚೆನ್ನಾಗಿಯೇ ಇದ್ದರೂ ಕುದಿಸಿದಾಗ ಕೆಟ್ಟ ರುಚಿ ಕೊಡುತ್ತದೆ. ರೆಡ್ ಮೇಪಲ್ ಶುಗರ್ ಮೇಪಲ್‌ಗಿಂತ ಮುಂಚೆ ಮೊಗ್ಗೊಡೆಯುವುದರಿಂದ, ಅಂಥ ಮರ ಇರುವವರಿಗೆ ಬೇಗ ನಿಲ್ಲಿಸಬೇಕಾಗುತ್ತದೆ ಎಂದು ಮೊದಲೇ ತಿಳಿಸಿ. ಅನುಮಾನ ಬಂದರೆ ಒಂದು ಲೋಟ ರಸವನ್ನು ಅಡುಗೆಮನೆಯ ಒಲೆಯ ಮೇಲೆ ಬತ್ತಿಸಿ ಮೂಸಿ ನೋಡಿ.

ಪಾತ್ರೆಯ ವಿಷಯ ಇನ್ನೂ ಗಂಭೀರ. ಹಳೆಯ ಲೋಹದ ಬಕೆಟ್‌ಗಳಲ್ಲಿ ಕೆಲವಕ್ಕೆ ಸೀಸ ಬೆರೆತ ಲೇಪವಿರುತ್ತದೆ, ಕೆಲವಕ್ಕೆ ಸೀಸದ ಬೆಸುಗೆ. ಅಜ್ಜನ ಕಾಲದ್ದು, ನೋಡಲು ಚೆಂದ ಎಂದು ಅದನ್ನೇ ಕಟ್ಟುವವರಿದ್ದಾರೆ. ರಸದಲ್ಲಿ ಕರಗಿದ ಸೀಸ ಆವಿಯಾಗಿ ಹೋಗುವುದಿಲ್ಲ. ನಲವತ್ತು ಲೀಟರ್ ಒಂದು ಲೀಟರಾಗುವಾಗ ಅದೂ ನಲವತ್ತು ಪಟ್ಟು ದಟ್ಟವಾಗುತ್ತದೆ. ಸೋಪು, ಕೀಟನಾಶಕ, ಎಣ್ಣೆ ತುಂಬಿದ್ದ ಡ್ರಮ್‌ಗಳಿಗೂ ಇದೇ ಮಾತು. ಆಹಾರಕ್ಕೆಂದೇ ತಯಾರಾದ ಪ್ಲಾಸ್ಟಿಕ್ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆ ಬಿಟ್ಟು ಬೇರೆ ಯಾವುದರಲ್ಲಿ ಬಂದ ರಸವನ್ನೂ ತೆಗೆದುಕೊಳ್ಳಬೇಡಿ.

ಹಂತ 3: ಅಳೆಯುವುದು

ಬಂದ ರಸವನ್ನು ನಿಮ್ಮ ಟ್ಯಾಂಕಿಗೆ ಸುರಿಯುವ ಮುನ್ನ, ತಂದವರ ಎದುರಿನಲ್ಲೇ ಎರಡು ಅಳತೆ ತೆಗೆಯಬೇಕು: ಎಷ್ಟು ಲೀಟರ್, ಎಷ್ಟು ಸಿಹಿ.

ಲೀಟರ್ ಅಳೆಯಲು ತಕ್ಕಡಿಯೇ ಮೇಲು. ಒಂದು ಲೀಟರ್ ರಸ ಒಂದು ಕಿಲೋಗಿಂತ ಕೂದಲೆಳೆಯಷ್ಟು ಹೆಚ್ಚು ತೂಗುತ್ತದೆ, ಹಾಗಾಗಿ ಕಿಲೋವನ್ನೇ ಲೀಟರೆಂದು ಬರೆದುಕೊಂಡರೆ ತಪ್ಪಿಲ್ಲ. ಎಲ್ಲರಿಗೂ ಒಂದೇ ರೀತಿ ಬರೆದರೆ ಸಾಕು. ದೊಡ್ಡ ಡ್ರಮ್ಮಾದರೆ ಮೊದಲೇ ಅಳತೆ ನೀರು ತುಂಬಿ ಕೋಲಿನ ಮೇಲೆ ಗೀಟು ಹಾಕಿಟ್ಟುಕೊಳ್ಳಿ.

ಸಿಹಿ ಅಳೆಯುವಲ್ಲಿ ನಿಧಾನ ಬೇಕು. ಅಳತೆ ಬ್ರಿಕ್ಸ್‌ನಲ್ಲಿ: ನೂರು ಗ್ರಾಂ ರಸದಲ್ಲಿ ಎಷ್ಟು ಗ್ರಾಂ ಸಕ್ಕರೆ ಎಂಬ ಲೆಕ್ಕ. ಅನೇಕರು ಕೈಯಲ್ಲಿ ಹಿಡಿದು ಬೆಳಕಿಗೆ ನೋಡುವ ಅಗ್ಗದ ರಿಫ್ರಾಕ್ಟೋಮೀಟರ್ ಕೊಳ್ಳುತ್ತಾರೆ. ಅದರ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ 0.2 ಆಚೀಚೆ ಆಗಬಹುದು ಎಂದು ಬರೆದಿರುತ್ತದೆ. ದ್ರಾಕ್ಷಿ ಅಳೆಯುವವರಿಗೆ ಅದು ಏನೂ ಅಲ್ಲ. ಎರಡು ಬ್ರಿಕ್ಸ್ ರಸದಲ್ಲಿ 0.2 ಎಂದರೆ ಹತ್ತರಲ್ಲಿ ಒಂದು ಪಾಲು, ಅಂದರೆ ಹತ್ತು ಲೀಟರ್ ಸಿರಪ್ಪಿನಲ್ಲಿ ಒಂದು ಲೀಟರ್ ಅತ್ತಿಂದಿತ್ತ. ಅದರ ಬದಲು ರಸಕ್ಕೆಂದೇ ಮಾಡಿದ ಹೈಡ್ರೋಮೀಟರ್, ಅಂದರೆ ರಸದಲ್ಲಿ ತೇಲಿಬಿಟ್ಟು ಸಿಹಿ ಓದುವ ಗಾಜಿನ ಕಡ್ಡಿ, ಇಟ್ಟುಕೊಳ್ಳಿ. ಅದರ ಅಳತೆಪಟ್ಟಿ ಸೊನ್ನೆಯಿಂದ ಹತ್ತರವರೆಗೆ ಮಾತ್ರ ಇರುವುದರಿಂದ ಗೀಟುಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಡ್ರಮ್ಮನ್ನು ತಳದಿಂದ ಚೆನ್ನಾಗಿ ಕಲಕಿ, ಎತ್ತರದ ಲೋಟಕ್ಕೆ ಅಂಚಿನವರೆಗೆ ತುಂಬಿ. ಹೈಡ್ರೋಮೀಟರನ್ನು ಮೆಲ್ಲಗೆ ಇಳಿಬಿಟ್ಟು ಬೆರಳಲ್ಲಿ ಒಮ್ಮೆ ತಿರುಗಿಸಿ. ಗಾಜಿಗೆ ಅಂಟಿದ ಸಣ್ಣ ಗುಳ್ಳೆಗಳು ಬಿಟ್ಟುಕೊಳ್ಳುತ್ತವೆ. ಆ ಗುಳ್ಳೆಗಳು ಅದನ್ನು ಮೇಲೆತ್ತಿ ಇಲ್ಲದ ಸಿಹಿ ತೋರಿಸುತ್ತವೆ. ಅದು ಓಲಾಡುವುದು ನಿಂತ ಮೇಲೆ ಮಂಡಿಯೂರಿ ಕಣ್ಣನ್ನು ರಸದ ಮಟ್ಟಕ್ಕೆ ತಂದು ಓದಿ. ಅಂಚಿನಲ್ಲಿ ರಸ ಗಾಜಿನ ಕಡ್ಡಿಯನ್ನು ತಬ್ಬಿ ಒಂಚೂರು ಮೇಲೇರಿರುತ್ತದೆ. ಆ ಏರಿದ ಅಂಚನ್ನಲ್ಲ, ಸಮತಟ್ಟಾದ ಮಟ್ಟವನ್ನು ಓದಬೇಕು. ರಸ ತಣ್ಣಗಿದ್ದಷ್ಟೂ ಅಂಕಿ ಹೆಚ್ಚು ತೋರಿಸುತ್ತದೆ, ಆದ್ದರಿಂದ ಉಪಕರಣದ ಜೊತೆ ಬಂದ ತಾಪಮಾನದ ಪಟ್ಟಿ ನೋಡಿ ತಿದ್ದಿಕೊಳ್ಳಿ. ತಂದವರಿಗೂ ಒಮ್ಮೆ ಓದಲು ಹೇಳಿ. ಇಬ್ಬರೂ ಒಪ್ಪಿದ ಅಂಕಿಯನ್ನು ಬರೆಯಿರಿ.

ಮಂಜುಗಡ್ಡೆಯ ಬಗ್ಗೆ ಎಚ್ಚರ. ರಸ ಹೆಪ್ಪುಗಟ್ಟುವಾಗ ಮೊದಲು ಗಟ್ಟಿಯಾಗುವುದು ಬಹುಪಾಲು ನೀರೇ. ಸಿಹಿ ದ್ರವದಲ್ಲಿ ಉಳಿಯುತ್ತದೆ. ಗಡ್ಡೆ ತೇಲುವ ಡ್ರಮ್ಮಿನಿಂದ ದ್ರವ ತೆಗೆದು ಸಿಹಿ ಅಳೆದು, ಗಡ್ಡೆಯನ್ನೂ ಸೇರಿಸಿ ಲೀಟರ್ ಬರೆದರೆ ಅವರ ಖಾತೆಗೆ ಇಲ್ಲದ ಸಕ್ಕರೆ ಸೇರಿಕೊಳ್ಳುತ್ತದೆ. ಗಡ್ಡೆ ತೆಗೆದುಹಾಕಿ ಉಳಿದ ದ್ರವವನ್ನಷ್ಟೇ ಎರಡೂ ರೀತಿ ಅಳೆಯಿರಿ. ನೀರು ಹಾರಿಸುವ ಕೆಲಸವೂ ಅಷ್ಟು ಉಳಿಯಿತು.

ಹಂತ 4: ಸಕ್ಕರೆಯ ಅಂಕ

ಲೀಟರ್ ಅನ್ನು ಬ್ರಿಕ್ಸ್‌ನಿಂದ ಗುಣಿಸಿ. ಬಂದ ಸಂಖ್ಯೆಯನ್ನು ನಾನು ಅಂಕ ಎನ್ನುತ್ತೇನೆ. ಅಂಕವನ್ನು 86ರಿಂದ ಭಾಗಿಸಿದರೆ ಆ ರಸದಿಂದ ಎಷ್ಟು ಸಿರಪ್ ಬರಬೇಕೆಂಬ ಅಂದಾಜು ಸಿಗುತ್ತದೆ. ಮೇಪಲ್ ನಾಡಿನಲ್ಲಿ ಎಲ್ಲರ ಬಾಯಲ್ಲೂ ಇರುವ 86ರ ನಿಯಮ ಇದೇ. ಒಂದು ಲೀಟರ್ ಸಿರಪ್ಪಿನಲ್ಲಿ ಸುಮಾರು 860 ಗ್ರಾಂ ಸಕ್ಕರೆ ಇರುತ್ತದೆ, ಒಂದು ಬ್ರಿಕ್ಸ್‌ನ ಒಂದು ಲೀಟರ್ ರಸದಲ್ಲಿ 10 ಗ್ರಾಂ. ಹಾಗಾಗಿ 86 ಲೀಟರ್ ಬೇಕು. ಗ್ಯಾಲನ್‌ನಲ್ಲಿ ಅಳೆದರೂ ಅನುಪಾತ ಬದಲಾಗುವುದಿಲ್ಲ. ವರ್ಮಾಂಟ್‌ನ ಕನಿಷ್ಠ ಮಟ್ಟವಾದ 66.9 ಬ್ರಿಕ್ಸ್‌ವರೆಗೆ ಕುದಿಸುವವರಿಗೆ 86ಕ್ಕಿಂತ 88 ಹತ್ತಿರದ ಸಂಖ್ಯೆ, ಆದರೆ ಪಾಲು ಹಂಚಲು ಯಾವುದಾದರೂ ನಡೆಯುತ್ತದೆ.

ಮೂರು ಮನೆಯವರು ಒಂದೇ ದಿನ ರಸ ತಂದರೆನ್ನಿ. ಮೊದಲ ಮನೆ 400 ಲೀಟರ್, 2.0 ಬ್ರಿಕ್ಸ್: 800 ಅಂಕ. ಎರಡನೆಯ ಮನೆ 320 ಲೀಟರ್, 2.5 ಬ್ರಿಕ್ಸ್: ಅದೂ 800 ಅಂಕ. ಮೂರನೆಯ ಮನೆಯದು ರೆಡ್ ಮೇಪಲ್ ಮರಗಳು, 480 ಲೀಟರ್, 1.5 ಬ್ರಿಕ್ಸ್: 720 ಅಂಕ. ಒಟ್ಟು 1200 ಲೀಟರ್, 2320 ಅಂಕ. ಸಿರಪ್ 27 ಲೀಟರ್ ಬರಬೇಕು. ಸೋಸುಬಟ್ಟೆಯಲ್ಲಿ, ಪಾತ್ರೆಯ ಅಂಚಿನಲ್ಲಿ ಸ್ವಲ್ಪ ಹೋಗಿ ಕೈಗೆ ಬಂದದ್ದು 26 ಲೀಟರ್ ಎಂದುಕೊಳ್ಳೋಣ.

ಅಂಕದ ಪ್ರಕಾರ ಮೊದಲ ಎರಡು ಮನೆಗಳಿಗೆ ತಲಾ 9 ಲೀಟರ್ ಹತ್ತಿರ, ಮೂರನೆಯ ಮನೆಗೆ 8 ಲೀಟರಿಗೆ ಚೂರು ಮೇಲೆ. ಡ್ರಮ್ ಲೆಕ್ಕದಲ್ಲಿ ಹಂಚಿದ್ದರೆ ಮೂರನೆಯ ಮನೆಗೆ 10.4 ಲೀಟರ್ ಹೋಗುತ್ತಿತ್ತು, ಎಲ್ಲರಿಗಿಂತ ಸಿಹಿಯಾದ ರಸ ತಂದ ಎರಡನೆಯ ಮನೆಗೆ 7 ಲೀಟರ್ ಸಹ ಸಿಗುತ್ತಿರಲಿಲ್ಲ. ಅವರ ಸಕ್ಕರೆಯ ಎರಡು ಲೀಟರ್ ಬೇರೆಯವರ ಬಾಟಲಿ ಸೇರುತ್ತಿತ್ತು. ಐದು ನಿಮಿಷದ ಅಳತೆ ತಪ್ಪಿಸುವ ಅನ್ಯಾಯ ಇದು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಂತ 5: ಕುದಿಸಿದವರ ಕೂಲಿ

ಎಲ್ಲೆಡೆ ಚಾಲ್ತಿಯಲ್ಲಿರುವ ಪದ್ಧತಿ ಅರ್ಧ ನಿಮಗೆ, ಅರ್ಧ ನಮಗೆ. ನೆನಪಿಡಲು ಸುಲಭ, ಎಲ್ಲರ ರಸವೂ ಒಂದೇ ಸಿಹಿ ಇದ್ದರೆ ನ್ಯಾಯವೂ ಹೌದು. ಆದರೆ ಮೇಲಿನ ಲೆಕ್ಕವನ್ನೇ ನೋಡಿ. ಒಂದು ಲೀಟರ್ ಸಿರಪ್ಪಿಗೆ ಎರಡನೆಯ ಮನೆಯ ರಸದಿಂದ 33 ಲೀಟರ್ ನೀರು ಹಾರಿಸಿದರೆ ಸಾಕು, ಮೂರನೆಯ ಮನೆಯದಕ್ಕೆ 56 ಲೀಟರ್ ಹಾರಿಸಬೇಕು. ಸೌದೆಯೂ ನಿದ್ದೆಗೇಡೂ ಅದೇ ಅಳತೆಯಲ್ಲಿ ಹೆಚ್ಚು. ಇಬ್ಬರಿಂದಲೂ ಅರ್ಧ ತೆಗೆದುಕೊಂಡರೆ ಒಬ್ಬರ ನೀರು ಹಾರಿಸಿದ ಖರ್ಚನ್ನು ಇನ್ನೊಬ್ಬರು ಕೊಟ್ಟಂತಾಗುತ್ತದೆ.

ನಾನು ಒಪ್ಪುವ ಪದ್ಧತಿ ಹೀಗಿದೆ: ತಂದ ಪ್ರತಿ 100 ಲೀಟರ್ ರಸಕ್ಕೆ ಒಂದು ಲೀಟರ್ ಸಿರಪ್ ಕೂಲಿ. ರಸದಲ್ಲಿ ಹೆಚ್ಚುಕಡಿಮೆ ಎಲ್ಲವೂ ನೀರೇ ಆದ್ದರಿಂದ ರಸದ ಲೀಟರ್ ಹಿಡಿದರೆ ನೀರಿನ ಲೆಕ್ಕವೇ ಆಯಿತು. ಮೊದಲ ಮನೆ 4 ಲೀಟರ್ ಕೊಟ್ಟು ಸುಮಾರು 5 ಒಯ್ಯುತ್ತದೆ. ಎರಡನೆಯ ಮನೆ 3.2 ಕೊಟ್ಟು 5.8 ಒಯ್ಯುತ್ತದೆ. ಮೂರನೆಯ ಮನೆ 4.8 ಕೊಟ್ಟು 3.3 ಒಯ್ಯುತ್ತದೆ. ಕುದಿಸಿದವರಿಗೆ ಸಿಕ್ಕಿದ್ದು 12 ಲೀಟರ್. ಅರ್ಧ ಪಾಲಿನಲ್ಲಿ 13 ಸಿಗುತ್ತಿತ್ತು. ಒಂದು ಲೀಟರ್ ಕಡಿಮೆಯಾದರೂ ತಂದವರ ನಡುವೆ ನ್ಯಾಯ ನೆಟ್ಟಗಾಯಿತು.

ಈ ದರ ಕಲ್ಲಿನ ಶಾಸನವಲ್ಲ. ಮೇಪಲ್ ನಾಡಿನವರ ಒರಟು ಲೆಕ್ಕದಲ್ಲಿ ಸಾಧಾರಣ ಸೌದೆ ಒಲೆಯ ಮೇಲೆ ಒಂದು ಕಾರ್ಡ್ ಸೌದೆಗೆ, ಅಂದರೆ 128 ಘನ ಅಡಿಯ ಒಟ್ಟಿಲಿಗೆ, 25 ಗ್ಯಾಲನ್ ಸಿರಪ್ ಬರುತ್ತದೆ. ಲೀಟರಿನಲ್ಲಿ 95 ಹತ್ತಿರ. ಮೇಲಿನ 26 ಲೀಟರಿಗೆ ಕಾರ್ಡಿನ ಮೂರನೆಯ ಒಂದು ಪಾಲೂ ಬೇಕಾಗಿಲ್ಲ. ಕೂಲಿಯಲ್ಲಿ ದೊಡ್ಡ ಪಾಲು ದುಡಿಮೆಯದು, ಬಾಣಲೆಯ ಬಂಡವಾಳದ್ದು. ಆದ್ದರಿಂದ ಯಾರಾದರೂ ಸೌದೆ ಸೀಳಿ ತಂದರೆ ಕೂಲಿಯಲ್ಲಿ ಸ್ವಲ್ಪ ಬಿಡಿ. ರಾತ್ರಿ ನಿಮ್ಮ ಜೊತೆ ಒಲೆಗೆ ಕೂತರೆ ಇನ್ನೂ ಹೆಚ್ಚು ಬಿಡಿ. ರಿವರ್ಸ್ ಆಸ್ಮೋಸಿಸ್ ಯಂತ್ರ (ಒತ್ತಡದಿಂದ ರಸದ ನೀರನ್ನು ಸೋಸಿ ತೆಗೆಯುವಂಥದ್ದು) ಇಟ್ಟುಕೊಂಡವರು ಎರಡು ಬ್ರಿಕ್ಸ್ ರಸವನ್ನು ಎಂಟಕ್ಕೆ ಏರಿಸಿದರೆ ಮುಕ್ಕಾಲು ಪಾಲು ನೀರು ಒಲೆ ಹತ್ತುವ ಮೊದಲೇ ಹೋಗಿರುತ್ತದೆ. ಯಂತ್ರದ ಖರ್ಚು ಕಳೆದರೂ ಅಂಥವರು ಹಳೆಯ ದರವನ್ನೇ ಕೇಳುವುದು ಸರಿಯಲ್ಲ.

ಒಂದು ಬ್ರಿಕ್ಸ್ ಹತ್ತಿರದ ರಸಕ್ಕೆ ಈ ದರದಲ್ಲಿ ತಂದವರಿಗೆ ಏನೂ ಉಳಿಯುವುದಿಲ್ಲ. ಅದನ್ನು ಅವರಿಗೆ ಲೆಕ್ಕ ತೋರಿಸಿಯೇ ಹೇಳಿ. 1.2ಕ್ಕಿಂತ ಕೆಳಗಿನದನ್ನು ಒಪ್ಪದಿರುವುದು ಇಬ್ಬರಿಗೂ ಕ್ಷೇಮ.

ಹಂತ 6: ಬಾಣಲೆಯಲ್ಲಿ ಉಳಿದದ್ದು ಯಾರದು?

ಅತಿ ಹೆಚ್ಚು ತಕರಾರು ಹುಟ್ಟುವ ಜಾಗ ಇದು. ಹಿತ್ತಿಲಿನ ಚಪ್ಪಟೆ ತಟ್ಟೆಯಲ್ಲಿ ಒಂದು ಸಲಕ್ಕೆ ಒಬ್ಬರ ರಸ ಸುರಿದು ಪೂರ್ತಿ ಇಳಿಸುವವರಿಗೆ ಈ ಪ್ರಶ್ನೆಯೇ ಇಲ್ಲ. ಆದರೆ ಅಡ್ಡಗೋಡೆಗಳಿರುವ ದೊಡ್ಡ ಇವ್ಯಾಪರೇಟರ್‌ನಲ್ಲಿ ರಸ ಒಂದು ಕಡೆಯಿಂದ ಸದಾ ಒಳಗೆ ಬರುತ್ತಿರುತ್ತದೆ, ಸುತ್ತು ಹಾಕುತ್ತಾ ದಪ್ಪಗಾಗಿ ಇನ್ನೊಂದು ಕಡೆ ಸಿರಪ್ಪಾಗಿ ಹೊರಬರುತ್ತದೆ. ರಾತ್ರಿ ಬೆಂಕಿ ಆರಿಸಿದಾಗ ಬಾಣಲೆ ತುಂಬ ಅರೆಪಾಕ ನಿಂತಿರುತ್ತದೆ. 60 ಸೆಂಟಿಮೀಟರ್ ಅಗಲ, 180 ಸೆಂಟಿಮೀಟರ್ ಉದ್ದದ ಬಾಣಲೆಯಲ್ಲಿ ನಾಲ್ಕು ಸೆಂಟಿಮೀಟರ್ ಆಳ ನಿಂತರೂ 43 ಲೀಟರ್ ಆಯಿತು. ಅದರ ಸರಾಸರಿ 15 ಬ್ರಿಕ್ಸ್ ಇದ್ದರೆ ಏಳೂವರೆ ಲೀಟರ್ ಸಿರಪ್ ಅಲ್ಲಿ ಅಡಗಿದೆ. ಮೊದಲ ದಿನ ರಸ ತಂದವರ ಸಕ್ಕರೆ ಹೀಗೆ ಬಾಣಲೆಯಲ್ಲೇ ಉಳಿದು, ಆಮೇಲೆ ಬಂದವರ ದಿನದಲ್ಲಿ ಹೊರಬೀಳುತ್ತದೆ.

ಇದಕ್ಕೆ ಸರಳ ಪರಿಹಾರ: ಋತುವಿನ ಮೊದಲ ತುಂಬು ಬಾಣಲೆ ಕುದಿಸುವವರ ಸ್ವಂತ ರಸದ್ದಾಗಿರಲಿ, ಕೊನೆಯ ದಿನ ಬಾಣಲೆಯಲ್ಲಿ ಉಳಿದದ್ದನ್ನೂ ಅವರೇ ಇಟ್ಟುಕೊಳ್ಳಲಿ. ನಡುವಿನ ದಿನಗಳಲ್ಲಿ ಬಾಣಲೆಯ ಒಳಗೋಡೆಗೆ ಒಂದು ಗುರುತು ಹಾಕಿ, ಯಾವ ಆಳದಲ್ಲಿ ಬೆಳಿಗ್ಗೆ ಶುರು ಮಾಡಿದಿರೋ ಅದೇ ಆಳದಲ್ಲಿ ನಿಲ್ಲಿಸಿ. ಆಗ ಆ ದಿನ ಹೊರಬಂದ ಸಿರಪ್ಪು ಹೆಚ್ಚುಕಡಿಮೆ ಆ ದಿನ ಬಂದ ಸಕ್ಕರೆಯೇ. ಹೊಸದಾಗಿ ಶುರು ಮಾಡಿ ಸ್ವಂತ ಮರಗಳಿಲ್ಲದವರು ಮೊದಲ ಕುದಿಗೆ ಕೂಲಿಯ ಲೆಕ್ಕವನ್ನು ಮುಂದೂಡಿ, ಬಾಣಲೆ ತುಂಬಿದ ರಸದ ಅಂಕವನ್ನು ತಂದವರ ಹೆಸರಿನಲ್ಲಿ ಸಾಲವೆಂದು ಬರೆದಿಟ್ಟು, ಕೊನೆಯ ದಿನ ತೀರಿಸಬಹುದು.

ನಮ್ಮ ಮರದ್ದೇ ಸಿರಪ್ ನಮಗೆ ಬೇಕು ಎಂದು ಕೇಳುವವರಿರುತ್ತಾರೆ. ಆ ಆಸೆ ಅರ್ಥವಾಗುವಂಥದ್ದು, ಆದರೆ ಬೆರೆತ ಬಾಣಲೆಯಿಂದ ಅದನ್ನು ಕೊಡಲು ಬರುವುದಿಲ್ಲ. ಬೇಕೆಂದರೆ ಚಪ್ಪಟೆ ತಟ್ಟೆಯಲ್ಲಿ ಬೇರೆಯೇ ಕುದಿಸಬೇಕು, ಕೂಲಿ ಹೆಚ್ಚಾಗುತ್ತದೆ ಎಂದು ಜನವರಿಯ ಹಾಳೆಯಲ್ಲೇ ಬರೆದುಬಿಡಿ.

ಪಾಲನ್ನು ದಿನದ ಲೆಕ್ಕದಲ್ಲೇ ಹಂಚಿ, ಇಡೀ ಋತುವನ್ನು ಒಟ್ಟು ಹಾಕಬೇಡಿ. ಶುರುವಿನ ರಸದ ಸಿರಪ್ ಸಾಮಾನ್ಯವಾಗಿ ಹೊಂಬಣ್ಣ, ಕೊನೆಯದು ಕಡುಗಂದು. ಮೊದಲ ವಾರ ಮೈಮುರಿದು ರಸ ತಂದವರಿಗೆ ಏಪ್ರಿಲ್‌ನ ಕಪ್ಪು ಸಿರಪ್ ಕೊಟ್ಟರೆ ಲೀಟರ್ ಸರಿಯಿದ್ದರೂ ಪಾಲು ಸರಿಯಾಗುವುದಿಲ್ಲ.

ಹಂತ 7: ಹದ, ಸೋಸುವುದು, ತೂಗುವುದು

ನೀರು ಕುದಿಯುವ ತಾಪಕ್ಕಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್ ಮೇಲೆ ಸಿರಪ್ಪಿನ ಹದ. ನೀರಿನ ಕುದಿಬಿಂದು ವಾಯುಭಾರದೊಂದಿಗೆ ಬದಲಾಗುವುದರಿಂದ ಆವತ್ತಿನ ನೀರನ್ನು ಆವತ್ತೇ ಕುದಿಸಿ ನೋಡಿಕೊಳ್ಳಿ. ಹದ ಹತ್ತಿರವಾದಾಗ ಸೌಟು ಎತ್ತಿ ಹಿಡಿದರೆ ಅಂಚಿನಿಂದ ಬಿಡಿ ಹನಿಗಳು ಬೀಳುವುದು ನಿಂತು, ಎರಡು ಮೂರು ಹನಿ ಕೂಡಿ ಅಗಲ ಪರದೆಯ ಹಾಗೆ ಇಳಿಬಿದ್ದು ಕತ್ತರಿಸಿಕೊಳ್ಳುತ್ತದೆ. ಆಗ ಸಿರಪ್ ಹೈಡ್ರೋಮೀಟರ್ ಹಾಕಿ ಖಚಿತ ಮಾಡಿಕೊಳ್ಳಿ. ತೆಳುವಾಗಿ ಇಳಿಸಿದರೆ ಹುದುಗುತ್ತದೆ, ಅತಿ ದಪ್ಪವಾದರೆ ಬಾಟಲಿಯ ತಳದಲ್ಲಿ ಕಲ್ಲುಸಕ್ಕರೆ ಕಟ್ಟುತ್ತದೆ.

ನೊರೆ ಇಳಿಸಲು ಏನು ಹಾಕುತ್ತೀರಿ ಎಂಬುದನ್ನು ಎಲ್ಲರಿಗೂ ಹೇಳಲೇಬೇಕು. ಹಿಂದೆ ಬಾಣಲೆಯ ಮೇಲೆ ಹಂದಿಯ ಕೊಬ್ಬಿನ ತುಂಡು ಕಟ್ಟುತ್ತಿದ್ದರು. ಈಗಲೂ ಕೆಲವರು ಬೆಣ್ಣೆ, ಕೆನೆ ಹಾಕುತ್ತಾರೆ. ಸಸ್ಯಾಹಾರಿಗಳ ಮನೆಗೆ, ಹಾಲಿನ ಅಲರ್ಜಿ ಇರುವ ಮಕ್ಕಳಿರುವ ಮನೆಗೆ ಹೋಗುವ ಸಿರಪ್ ಇದು. ಒಂದೆರಡು ಹನಿ ಸಸ್ಯಜನ್ಯ ಎಣ್ಣೆ ಬಳಸಿದರೆ ಪ್ರಶ್ನೆಯೇ ಏಳುವುದಿಲ್ಲ.

ಬಿಸಿಯಿರುವಾಗಲೇ ಸೋಸಿ, ಸಕ್ಕರೆ ಮರಳೆಂದು ಕರೆಯುವ ಖನಿಜದ ಗಸಿ ಬಟ್ಟೆಯಲ್ಲಿ ನಿಲ್ಲುತ್ತದೆ. ಪಾಲನ್ನು ತೂಕದಲ್ಲಿ ಹಂಚಿ: ಬಿಸಿ ಸಿರಪ್ ಹಿಗ್ಗಿರುತ್ತದೆ, ಬಿಸಿಯಲ್ಲಿ ಅಳೆದ ಲೀಟರ್ ತಣ್ಣಗಾದ ಮೇಲೆ ಲೀಟರಾಗಿರುವುದಿಲ್ಲ. ಒಂದು ಲೀಟರಿಗೆ 1.33 ಕಿಲೋ ಎಂದು ಹಿಡಿಯಿರಿ. ಬಾಟಲಿಗೆ ತುಂಬುವಾಗ ಸಿರಪ್ 82ರಿಂದ 85 ಡಿಗ್ರಿ ಇರಲಿ, ಮುಚ್ಚಿದ ಕೂಡಲೆ ಬಾಟಲಿಯನ್ನು ಒಮ್ಮೆ ಮಲಗಿಸಿದರೆ ಮುಚ್ಚಳಕ್ಕೂ ಬಿಸಿ ತಾಗುತ್ತದೆ.

ಕೊನೆಯದಾಗಿ ಕೆಲವು ಕಷ್ಟದ ಪ್ರಸಂಗಗಳು

ಬಾಣಲೆ ಸೀದು ಹೋದರೆ? ಒಲೆಯ ಮುಂದೆ ಇದ್ದವರು ಕುದಿಸುವವರು, ಆದ್ದರಿಂದ ನಷ್ಟ ಮೊದಲು ಅವರ ಕೂಲಿಯಿಂದಲೇ ಹೋಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೂಲಿಗೂ ಮೀರಿದ ನಷ್ಟವನ್ನಷ್ಟೇ ಎಲ್ಲರೂ ಅಂಕದ ಪ್ರಕಾರ ಹೊರಬಹುದು. ಕೆಟ್ಟ ರಸದಿಂದ ರುಚಿ ಕೆಟ್ಟಿತೆಂದು ಆಮೇಲೆ ಯಾರನ್ನೂ ದೂರುವಂತಿಲ್ಲ. ಬಾಗಿಲಲ್ಲಿ ಮೂಸಿ ನೋಡಿ ಒಳಗೆ ಬಿಟ್ಟವರು ನೀವೇ.

ಮೂರು ಬಕೆಟ್ ಕಟ್ಟಿದ ಅಜ್ಜಿಯೋ ಶಾಲೆಯ ಮಕ್ಕಳೋ ಹತ್ತು ಹತ್ತು ಲೀಟರ್ ತರುತ್ತಾರೆ. ಅವರಿಗೂ ಖಾತೆ ತೆರೆಯಿರಿ, ಪ್ರತಿ ಸಲ ಅಳೆದು ಅಂಕ ಬರೆಯಿರಿ, ಹಂಚುವುದನ್ನು ಮಾತ್ರ ಒಂದಷ್ಟು ಸೇರಿದ ಮೇಲೆ ಮಾಡಿ. ಲೆಕ್ಕದಲ್ಲಿ ಅರ್ಧ ಲೋಟ ಬರುವವರಿಗೆ ಒಂದು ಬಾಟಲಿ ತುಂಬಿ ಕೊಡಬೇಕೆನಿಸಿದರೆ ಖಂಡಿತ ಕೊಡಿ. ಆದರೆ ಅದು ನಿಮ್ಮ ಪಾಲಿನಿಂದ ಹೋಗಲಿ, ಉಳಿದವರ ಪಾಲಿನಿಂದ ಅಲ್ಲ.

ಪಾಲು ಪಡೆದವರು ಅದನ್ನು ಮಾರಲು ಹೊರಟರೆ ಲೇಬಲ್, ದರ್ಜೆ, ಪರವಾನಗಿಯ ನಿಯಮಗಳು ಸುರುವಾಗುತ್ತವೆ, ಅವು ಒಂದೊಂದು ರಾಜ್ಯಕ್ಕೆ ಒಂದೊಂದು. ಮನೆಬಳಕೆಗೆ ಎಂದು ಹಾಳೆಯಲ್ಲಿ ಬರೆದಿರಲಿ. ಮಾರುವವರು ತಮ್ಮೂರಿನ ನಿಯಮವನ್ನು ತಾವೇ ವಿಚಾರಿಸಿಕೊಳ್ಳಲಿ.

ಖಾತೆ ಪುಸ್ತಕದಲ್ಲಿ ಒಂದು ಸಾಲಿಗೆ ದಿನಾಂಕ, ಹೆಸರು, ಲೀಟರ್, ಬ್ರಿಕ್ಸ್, ಅಂಕ, ಕೂಲಿ, ಒಯ್ದ ತೂಕ ಎಂದು ಏಳು ಕಾಲಂ ಸಾಕು. ಪುಸ್ತಕವನ್ನು ಶುಗರ್‌ಹೌಸ್‌ನ ಬಾಗಿಲ ಪಕ್ಕ ಮೊಳೆಗೆ ತೂಗುಹಾಕಿ, ಯಾರು ಬೇಕಾದರೂ ಯಾರ ಸಾಲನ್ನಾದರೂ ಓದಲು ಬಿಡಿ. ಚುಕ್ತಾ ಮಾಡುವ ದಿನ ಬಾಟಲಿಗಳನ್ನು ತೂಗುವ ಕೆಲಸವನ್ನು ರಸ ತಂದವರ ಕೈಗೇ ಕೊಡಿ, ಅವರ ರಸ ತೂಗಿದ ಅದೇ ತಕ್ಕಡಿಯಲ್ಲಿ.